ಕಂಪೌಂಡರ್ ಸೈದಪ್ಪ ಬಾಯಿ ತೆರೆದದ್ದು

ಸೈದಪ್ಪನ ಅವತ್ತಿನ ತಾಪತ್ರಯಕ್ಕೆಲ್ಲ ಕಾರಣ ಒಂದು ಬೂಚು. ಕೆಮ್ಮಿನ ಔಷಧದ ದೊಡ್ಡ ಬಾಟಲಿಯ ಬೂಚು ಎಲ್ಲೋ ಕಳೆದುಹೋಗಿತ್ತು. ಹದಿನೈದು ದಿನದ ಕೆಳಗೆ ಗುಲ್ಬರ್ಗಾದಿಂದ ಬಂದ ಒಂದು ಸರಕಾರಿ ಕಾಗದವನ್ನು, ಆಮೇಲೆ ಓದಿದರಾಯಿತೆಂದು, ಆತ ಸುರುಳಿ ಸುತ್ತಿ ಬಾಟಲಿಯ ಬಾಯಿಗೆ ತುರುಕಿದ್ದ. ಆ ‘ಆಮೇಲೆ’ ಎನ್ನುವುದು ಸೋಮವಾರ ಬೆಳಿಗ್ಗೆ ಬಂತು. ಬಾಟಲಿ ಅಲುಗಾಡಿಸುವಾಗ ಕಾಗದ ಒದ್ದೆಯಾಗಿ ಕೈಗೆ ಬಂತು, ಸೈದಪ್ಪ ಬಿಸಿಲಿಗೆ ಹಿಡಿದು ಓದಿದ.

ಓದಿದವನೇ ಸ್ಟೂಲು ಎಳೆದುಕೊಂಡು ಕೂತು ಮತ್ತೊಮ್ಮೆ ಓದಿದ. ದವಾಖಾನೆಗೆ ಬರುವ ಪ್ರತಿಯೊಬ್ಬ ರೋಗಿಯ ಬಾಯಿ ನೋಡಿ, ಹಲ್ಲು, ಒಸಡು, ನಾಲಿಗೆಯ ರೋಗ ಗುರುತಿಸಿ ಉಪಚಾರ ಮಾಡುವುದನ್ನು ಕಂಪೌಂಡರನು ನರ್ಸಿಗೂ ದಾಯಿಗೂ ಹದಿನೈದು ದಿನ ಕಲಿಸತಕ್ಕದ್ದು. ಹದಿನೈದನೆಯ ದಿನ ಸಂಜೆ ನಾಲ್ಕಕ್ಕೆ ಡಾಕ್ಟರ್ ಬುರಾನುದ್ದೀನ ಸಾಹೇಬರು ಖುದ್ದು ಬಂದು ಪರೀಕ್ಷೆ ಮಾಡುವರು. ಹದಿನೈದನೆಯ ದಿನ ಇವತ್ತೇ ಆಗಿತ್ತು.

ಅಫಜಲಪುರ ತಾಲೂಕಿನಲ್ಲಿ ಭೀಮಾ ಹೊಳೆಯ ದಂಡೆಗಿರುವ ಊರು ಅದು. ಹೆಸರು ಹೇಳುವುದಿಲ್ಲ. ಹೇಳಿದರೆ ಆ ಊರಿನವರು ನನ್ನ ಮನೆಗೆ ಜಗಳಕ್ಕೆ ಬರುತ್ತಾರೆ, ಯಾಕೆಂಬುದು ಮುಂದೆ ತಿಳಿಯುತ್ತದೆ. ದೇಶಕ್ಕೆ ಸ್ವಾತಂತ್ರ್ಯ ಬಂದು ನಾಲ್ಕು ತಿಂಗಳಾಗಿತ್ತು, ನಮ್ಮ ಕಡೆ ಇನ್ನೂ ನಿಜಾಮರ ಹುಕುಮೇ ನಡೆಯುತ್ತಿತ್ತು. ಸೊಲ್ಲಾಪುರದ ದಾರಿ ಬಂದ್ ಆಗಿ ಔಷಧಿ ಬರುವುದು ನಿಂತಿತ್ತು, ಕಾಗದ ಬರುವುದು ಮಾತ್ರ ನಿಂತಿರಲಿಲ್ಲ. ಊರಿನ ದವಾಖಾನೆಗೆ ಡಾಕ್ಟರರೇ ಇಲ್ಲದ್ದರಿಂದ ಕಂಪೌಂಡರ್ ಸೈದಪ್ಪನೇ ಎಲ್ಲವೂ ಆಗಿದ್ದ.

ಇನ್ನೊಬ್ಬನಾಗಿದ್ದರೆ ಕಾಗದ ತನಗೆ ಬಂದು ಮುಟ್ಟಲೇ ಇಲ್ಲವೆಂದು ಕೈತೊಳೆದುಕೊಳ್ಳುತ್ತಿದ್ದ. ಸೈದಪ್ಪನಿಗೆ ಅದು ಸಾಧ್ಯವಿರಲಿಲ್ಲ. ಆತನ ಊರು ಜೇವರ್ಗಿ ತಾಲೂಕಿನ ಕೊಳಕೂರ. ಹೆಂಡತಿ ಗುರುಬಾಯಿ, ಮದುವೆಗೆ ಬಂದ ಕಿರಿಮಗಳು ಅಲ್ಲಿ. ಈತ ಹನ್ನೊಂದು ವರ್ಷದಿಂದ ಇಲ್ಲಿ ತಾನೇ ರೊಟ್ಟಿ ಬಡಿದುಕೊಂಡು ಬದುಕಿದ್ದ. ಜೇವರ್ಗಿಗೆ ಬದಲಿ ಮಾಡಿರೆಂದು ಏಳು ಅರ್ಜಿ ಹಾಕಿದ ಮೇಲೆ, ‘ನಿಮ್ಮ ಕೆಲಸ ಕಣ್ಣಾರೆ ನೋಡಿ ದಸ್ತಖತ್ ಮಾಡುತ್ತೇನೆ’ ಎಂದು ಬುರಾನುದ್ದೀನ ಸಾಹೇಬರಿಂದ ಉತ್ತರ ಬಂದಿತ್ತು. ಅವರು ನೋಡಲು ಬರುತ್ತಿದ್ದ ಕೆಲಸ ಇದೇ.

ಹಲ್ಲಿನ ಬಗ್ಗೆ ಸೈದಪ್ಪನಿಗೆ ಗೊತ್ತಿದ್ದದ್ದು ಲವಂಗದ ಎಣ್ಣೆಯೊಂದೇ. ಹಲ್ಲುನೋವೆಂದು ಬಂದವರಿಗೆ ಅದನ್ನು ಅರಳೆಗೆ ಅದ್ದಿ ಕೊಡುತ್ತಿದ್ದ. ಮತ್ತೆ ಬಂದರೆ, ಗಾಣಗಾಪುರದ ದತ್ತನಿಗೆ ಹರಕೆ ಹೊರಿರೆಂದು ಹೇಳಿ ಕಳಿಸುತ್ತಿದ್ದ.

“ನರ್ಸಬಾಯಾರ, ಪ್ಯಾರಿಬಿ, ಇಬ್ರೂ ಬರ್ರಿ ಇಲ್ಲಿ. ನಿಮಗ ಹಲ್ಲಿನ ವಿದ್ಯಾ ಕಲಸ್ತೇನಿ,” ಎಂದ.

ನರ್ಸು ಗುರುಶಾಂತಮ್ಮ ಕೈಯಲ್ಲಿ ನೋಟುಬುಕ್ಕು ಹಿಡಿದೇ ಬಂದಳು. ಮೂವತ್ತರ ಹೆಂಗಸು. ಹೇಳಿದ್ದನ್ನು ಬರೆದುಕೊಳ್ಳುವುದು, ಬರೆದುಕೊಂಡದ್ದನ್ನು ಮಾಡುವುದು, ಮಾಡಿದ್ದನ್ನು ಎಲ್ಲರೆದುರು ಹೇಳುವುದು, ಇವು ಅವಳ ಗುಣಗಳು. ಇಂಥವರ ಜೊತೆ ಕೆಲಸ ಮಾಡಿದವರಿಗೆ ಸೈದಪ್ಪನ ಕಷ್ಟ ಅರ್ಥವಾಗುತ್ತದೆ.

“ಎಷ್ಟ್ ದಿನದ ಪಾಠ್ರಿ ಇದು?”

“ಹದಿನೈದ ದಿನದ್ದು.”

“ಮುಗಿಯೂದು ಯಾವಾಗ್ರಿ?”

“ಇವತ್ತ ನಾಕಕ್ಕ.”

ಗುರುಶಾಂತಮ್ಮ ಅದನ್ನೂ ಬರೆದುಕೊಂಡಳು.

ದಾಯಿ ಪ್ಯಾರಿಬಿ ಆ ಊರಿನ ಅರ್ಧ ಜನರನ್ನು ಹೆರಿಗೆಯಲ್ಲಿ ಎತ್ತಿದ ಮುದುಕಿ. ಮೊದಲು ಅವಳ ಬಾಯಿಯಿಂದಲೇ ಪಾಠ ಶುರುವಾಯಿತು. ತೆರೆದರೆ ಒಳಗೆಲ್ಲ ಕಪ್ಪು. ತಂಬಾಕು ಸುಟ್ಟು ಪುಡಿ ಮಾಡಿದ ಮಿಶ್ರಿಯನ್ನು ದಿನಕ್ಕೆ ನಾಲ್ಕು ಸಲ ಹಲ್ಲಿಗೆ ತಿಕ್ಕುವ ಬಾಯಿ ಅದು.

“ನೋಡ್ರಿ, ಇದು ರೋಗ,” ಎಂದ ಸೈದಪ್ಪ.

“ಮಿಶ್ರಿ ರೋಗ ಆಗಿದ್ರ ಈ ಊರಾಗ ಒಬ್ಬ ಹೆಣಮಗಳೂ ಉಳೀತಿದ್ದಿಲ್ಲ,” ಎಂದಳು ಪ್ಯಾರಿಬಿ. “ನಿನ್ನಿ ನೀವ ಅಲ್ಲೇನ್ರಿ ನನ್ನ ಡಬ್ಬಿ ಇಸಗೊಂಡು ತಿಕ್ಕೊಂಡದ್ದು?”

ಸೈದಪ್ಪ ಪಾಠವನ್ನು ಅಲ್ಲಿಗೇ ಬಿಟ್ಟ. ಅಷ್ಟರಲ್ಲಿ ಮೊಣಕಾಲು ಹಿಡಿದುಕೊಂಡು ನಿಂಬೆವ್ವ ಬಂದಳು. ಬಂದವಳನ್ನು ಮೂವರೂ ಸೇರಿ ಬೆಂಚಿನ ಮೇಲೆ ಕೂರಿಸಿ ಬಾಯಿ ತೆಗಿ ಎಂದರು.

“ನೋವು ಮೊಳಕಾಲಿಗದ. ಬಾಯಿ ಯಾಕ ತೆಗೀಲಿ?”

“ಸರಕಾರದ ಹುಕುಂ ಅದ ಆಯಿ.”

“ಮಾವನ ಮುಂದ ಬಾಯಿ ತೆಗದಾಕಿ ಅಲ್ಲ ನಾ. ನಿನ್ನ ಮುಂದ ತೆಗೀತೇನೇನು?” ಎಂದು ನಿಂಬೆವ್ವ ಸೆರಗಿನಿಂದ ಬಾಯಿ ಮುಚ್ಚಿದಳು. ಸೈದಪ್ಪ ಸೆರಗು ಸರಿಸಿ ಬೆರಳು ಹಾಕಿದ. ನಿಂಬೆವ್ವ ಕಚ್ಚಿದಳು. ಸರಕಾರದ ಚಾಕರಿಯಲ್ಲಿ ಆತ ಸುರಿಸಿದ ಮೊದಲ ರಕ್ತ ಅದು.

ಬಾಗಿಲಲ್ಲಿ ಒಬ್ಬ ನಕ್ಕ. ದನದ ಸಂತೆಯ ದಲಾಲಿ ಲಾಲಸಾಬ. ಹೋರಿ ಒದ್ದ ಮೊಣಕೈಗೆ ಪಟ್ಟಿ ಕಟ್ಟಿಸಿಕೊಳ್ಳಲು ಬಂದವನು, ಹೆಗಲ ಮೇಲಿನ ದೊಡ್ಡ ಟವೆಲನ್ನು ಸರಿಮಾಡಿಕೊಳ್ಳುತ್ತ ಒಳಗೆ ಬಂದ.

“ಹಂಗಲ್ರಿ ಕಂಪೌಂಡರ್ ಸಾಹೇಬ್ರ. ಎದುರಿಂದ ಕೈ ಹಾಕಿದ್ರ ಯಾವ ಜೀವನೂ ಕಚ್ಚತದ. ಮಗ್ಗಲಿಗೆ ನಿಂದರಬೇಕು. ಹಿಂಗ ತುಟಿಮೂಲ್ಯಾಗ ಹೆಬ್ಬಟ್ಟ ಇಡಬೇಕು. ತಾನಾ ತೆರೀತದ.”

ನಿಂಬೆವ್ವನ ಬಾಯಿ ಬೀಗ ತೆಗೆದಂತೆ ತೆರೆಯಿತು. ಆಕೆಗೇ ಆಶ್ಚರ್ಯವಾಗಿ ಮುಚ್ಚುವುದನ್ನು ಮರೆತಳು. ಲಾಲಸಾಬ ಬಗ್ಗಿ ಮೂಸಿದ, ಒಸಡು ಒತ್ತಿದ, ಒಂದು ಹಲ್ಲನ್ನು ಹಿಡಿದು ಅಲ್ಲಾಡಿಸಿದ.

“ಮೊದಲ ವಾಸನಿ ನೋಡ್ರಿ. ವಾಸನಿ ಬಂತು ಅಂದ್ರ ಒಳಗ ಕೀವ ಅದ. ಆಮ್ಯಾಲ ಒಸಡ ಎಷ್ಟ ಇಳದದ ನೋಡ್ರಿ. ಹಲ್ಲ ಎಷ್ಟ ಸವದದ ನೋಡ್ರಿ. ಬಲಕ್ಕ, ಕೆಳಗ, ಹಿಂದಿಂದು ಸಡಲ ಆಗೇದ. ಉಮರ ಅರವತ್ತೆರಡು.”

“ಐವತ್ತು!” ಎಂದು ನಿಂಬೆವ್ವ ಚೀರಿದಳು.

“ಹಲ್ಲೆಲ್ಲಾ ಬಂದು ಬಾಯಿಗೂಡಿದ ಮುದಿ ಎತ್ತೂ ಹಂಗ ಅಂತದ ಆಯಿ, ಹಲ್ಲ ಸುಳ್ಳ ಹೇಳೂದಿಲ್ಲ,” ಎಂದ ಲಾಲಸಾಬ.

ಗುರುಶಾಂತಮ್ಮ ಎರಡು ಪುಟ ಬರೆದುಬಿಟ್ಟಿದ್ದಳು. ಕೀವು ಇರುವುದು ನಿಜವೇ ಎಂದು ತಾನೇ ಅರಳೆಯಿಂದ ಒತ್ತಿ ನೋಡಿದಳು. ನಿಜವಾಗಿತ್ತು. ಉಪ್ಪುನೀರಿನಿಂದ ಬಾಯಿ ಮುಕ್ಕಳಿಸಲು ಹೇಳಿ ಲವಂಗದ ಎಣ್ಣೆ ಹಚ್ಚಿದಳು. ನಿಂಬೆವ್ವನಿಗೆ ನಾಲ್ಕು ತಿಂಗಳಿಂದ ಆ ಕಡೆ ರೊಟ್ಟಿ ಅಗಿಯಲು ಆಗುತ್ತಿರಲಿಲ್ಲವಂತೆ, ಈಗ ಹೇಳಿದಳು. ಸೈದಪ್ಪನಿಗೆ ಹೊಟ್ಟೆ ಉರಿಯಿತು. ಇಪ್ಪತ್ತೊಂದು ವರ್ಷದ ಕಂಪೌಂಡರನಿಗೆ ತಿಳಿಯದ್ದು ಎತ್ತಿನ ದಲಾಲಿಗೆ ತಿಳಿಯುತ್ತದೆಂದರೆ ಯಾರಿಗೆ ಉರಿಯುವುದಿಲ್ಲ? ಆದರೆ ಗಡಿಯಾರ ಹತ್ತೂವರೆ ತೋರಿಸುತ್ತಿತ್ತು. ಉರಿಯನ್ನು ನುಂಗಿಕೊಂಡು, “ಲಾಲಸಾಬ, ಸಂಜಿತನಾ ಇಲ್ಲೇ ಇರಪಾ,” ಎಂದ.

ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಹೆಂಗಸರು ಪಳಗಿಬಿಟ್ಟರು. ಪಳಗಿದ್ದೇ ತಪ್ಪಾಯಿತು. ಕಣ್ಣುಬೇನೆ, ಜ್ವರ, ಕುರು, ಏನೇ ಹಿಡಿದುಕೊಂಡು ಬಂದರೂ ತುಟಿಯ ಮೂಲೆಗೆ ಹೆಬ್ಬೆಟ್ಟು ಬೀಳುತ್ತಿತ್ತು. ಗುರುಶಾಂತಮ್ಮ ರೋಗದ ಜೊತೆಗೆ ವಯಸ್ಸನ್ನೂ ಗಟ್ಟಿಯಾಗಿ ಹೇಳುತ್ತಿದ್ದಳು, ಹೊರಗೆ ಕೂತವರಿಗೂ ಕೇಳುವ ಹಾಗೆ. ನೆರೆಹೊರೆಯವರು ಕೆಲಸ ಬಿಟ್ಟು ಬಂದು ಕಟ್ಟೆಯ ಮೇಲೆ ತುಂಬಿಕೊಂಡರು. ಕರಜಗಿಯ ಕಡೆಯ ಒಬ್ಬ ಮದುಮಗ ಇಪ್ಪತ್ತೈದು ಎಂದು ಹೇಳಿ ಹೆಣ್ಣು ಗೊತ್ತು ಮಾಡಿಕೊಂಡಿದ್ದ, ಚಳಿಜ್ವರಕ್ಕೆ ಬಂದು ಮೂವತ್ತಾರಾಗಿ ಹೋದ. ಹೆಣ್ಣಿನ ಸೋದರಮಾವ ಕಟ್ಟೆಯ ಮೇಲೇ ಕೂತಿದ್ದ.

“ಬಾಯಾರ, ನಿಮಗ ಕೈ ಮುಗೀತೇನಿ. ರೋಗ ಹೇಳ್ರಿ, ವಯಸ್ಸ ಹೇಳಬ್ಯಾಡ್ರಿ!” ಎಂದ ಸೈದಪ್ಪ.

“ಎರಡೂ ಒಂದ ಪಾಠದಾಗ ಬಂದಾವ್ರಿ. ಅರ್ಧಾ ಹೇಳಿ ಅರ್ಧಾ ಹ್ಯಾಂಗ ಬಿಡ್ಲಿ?”

ಲಾಲಸಾಬ ಸೈದಪ್ಪನ ಮುಖವನ್ನೇ ನೋಡುತ್ತಿದ್ದ. “ಸಾಹೇಬ್ರ, ಹೊತ್ತ ಅದ. ನಿಮ್ಮ ಬಾಯಿನೂ ಒಂದ ಸಲ ನೋಡೂಣೇನ್ರಿ?”

ಸೈದಪ್ಪ ತಟ್ಟನೆ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು, ಬಣ್ಣ ಹಚ್ಚಿ ಕಪ್ಪು ಮಾಡಿದ ಮೀಸೆಯನ್ನೂ ಅದರೊಳಗೇ ಸೇರಿಸಿಕೊಂಡು, ಔಷಧದ ಕೋಣೆಗೆ ನಡೆದ. ಕಪಾಟಿನ ಹಿಂದೆ ಎಲೆಅಡಿಕೆ ಕುಟ್ಟುವ ಸಣ್ಣ ಹಿತ್ತಾಳೆಯ ಕುಟ್ಟಾಣಿ ಇತ್ತು. ಅದರ ಮೇಲೆ ಇನ್ನೊಂದು ಬಟ್ಟೆ ಹೊದಿಸಿ ಬಂದ.

ಮೂರೂವರೆಗೆ ದವಾಖಾನೆ ಬರಿದಾಗಿತ್ತು. ಅಲ್ಲಿ ಹೋದರೆ ವಯಸ್ಸು ಬಯಲಾಗುತ್ತದೆಂದು ಊರೆಲ್ಲ ಸುದ್ದಿಯಾಗಿ, ಜ್ವರದವರಿಗೆ ಜ್ವರ ಇಳಿದಿತ್ತು, ಕುಂಟುವವರು ನೆಟ್ಟಗೆ ನಡೆಯುತ್ತಿದ್ದರು. ಕಟ್ಟೆಯವರು ಕೂಡ ತಮ್ಮ ಸರದಿ ಬಂದೀತೆಂದು ಜಾಗ ಖಾಲಿ ಮಾಡಿದ್ದರು. ಸರಿಯಾಗಿ ನಾಲ್ಕಕ್ಕೆ ಬುರಾನುದ್ದೀನ ಸಾಹೇಬರ ಮೋಟಾರು ಬಂತು.

“ಮರೀಜ್ ಎಲ್ಲಿ ಇದ್ದಾರ?” ಎಂದರು ಸಾಹೇಬರು, ಖಾಲಿ ಬೆಂಚು ನೋಡಿ.

“ಎಲ್ಲಾರೂ ಆರಾಮ ಆಗಿ ಹೋದರ್ರಿ,” ಎಂದ ಸೈದಪ್ಪ.

ಸಾಹೇಬರು ನಕ್ಕು, ಜೇಬಿನಿಂದ ಮಡಿಚಿದ ಕಾಗದ ತೆಗೆದು ಮೇಜಿನ ಮೇಲಿಟ್ಟರು. ಮೇಲೆ ಜೇವರ್ಗಿ ಎಂದು ಬರೆದಿತ್ತು. ದಸ್ತಖತ್ತಿನ ಜಾಗ ಮಾತ್ರ ಖಾಲಿ. ಸೈದಪ್ಪನ ಕಣ್ಣಿಗೆ ಕೊಳಕೂರಿನ ಮನೆಯ ಅಂಗಳ, ಗುರುಬಾಯಿ ಬಡಿದ ಬಿಸಿರೊಟ್ಟಿ ಎಲ್ಲ ಆ ಕಾಗದದಲ್ಲೇ ಕಂಡವು.

“ಒಂದು ಬಾಯಿ ನೋಡಿದರ ಸಾಕು, ಸಹಿ ಮಾಡಿಬಿಡ್ತೀನಿ. ನೀವೇ ಕೂಡ್ರಿ ಸೈದಪ್ಪ. ನರ್ಸಬಾಯಿ, ನೋಡ್ರಿ.”

ಸೈದಪ್ಪ ಹಲ್ಲು ಕಚ್ಚಿ ಕೂತ. ಕಚ್ಚಿದರೇನು? ಹೆಬ್ಬೆಟ್ಟು ತುಟಿಮೂಲೆಗೆ ಬಂತು, ಬಾಯಿ ತೆರೆಯಿತು. ಗುರುಶಾಂತಮ್ಮ ಮೂಸಿದಳು, ಒತ್ತಿದಳು, ಎಣಿಸಿದಳು, ಮತ್ತೆ ಎಣಿಸಿದಳು.

“ವಾಸನಿ ಅದ್ರಿ ಸಾಹೇಬ್ರ. ಎಡಕ್ಕ ಕೆಳಗ ಕೀವ ಅದ, ಗದ್ದ ಬಾತದ. ಒಸಡ ಇಳದಾವ. ನಾಕ ದವಡಿಹಲ್ಲ ಇಲ್ಲ, ಇದ್ದವು ಸವದಾವ. ಗಲ್ಲದ ಒಳಗ ಮಿಶ್ರಿಯಿಂದ ಒಂದ ಬಿಳಿ ಕಲೆ ಬಿದ್ದದ, ಅದನ್ನ ನೀವ ನೋಡಬೇಕ್ರಿ. ಈಗ ಉಪ್ಪುನೀರು, ಲವಂಗದ ಎಣ್ಣಿ ಕೊಡ್ತೇನಿ. ಹಲ್ಲ ತೆಗಿಯೂದಕ್ಕ ಗುಲ್ಬರ್ಗಾಕ್ಕ ಕಳಸಬೇಕ್ರಿ.”

ಸಾಹೇಬರು ತಾವೇ ಬಗ್ಗಿ ನೋಡಿದರು. “ಶಾಬಾಸ್! ಒಂದೂ ತಪ್ಪಿಲ್ಲ. ಆ ಕಲೆ ಹೋಗಬೇಕಾದರ ಮಿಶ್ರಿ ಇವತ್ತೇ ಬಿಡಬೇಕು, ಸೈದಪ್ಪ. ತಾಲೀಮು ಅಂದ್ರ ಇದು!” ಎಂದು ಪೆನ್ನಿನ ಟೊಪ್ಪಿಗೆ ತೆಗೆದರು.

ಆಗ ಗುರುಶಾಂತಮ್ಮ ನೋಟುಬುಕ್ಕು ನೋಡಿ, ಬಿಟ್ಟುಹೋದದ್ದನ್ನು ಹೇಳಿದಳು: “ಉಮರ ಐವತ್ತೇಳ್ರಿ.”

ಪೆನ್ನು ನಿಂತಿತು. “ಐವತ್ತೇಳು? ದಫ್ತರದಾಗ ನಲವತ್ತೊಂಬತ್ತು ಅದ.”

ಇಲ್ಲಿ ನಾನು ಒಂದು ಗುಟ್ಟು ಹೇಳಲೇಬೇಕು. ಇಪ್ಪತ್ತೊಂದು ವರ್ಷದ ಕೆಳಗೆ ನೌಕರಿಗೆ ಸೇರುವಾಗ ಸೈದಪ್ಪನಿಗೆ ಮೂವತ್ತಾರು. ಇಪ್ಪತ್ತೆಂಟು ದಾಟಿದವರನ್ನು ತೆಗೆದುಕೊಳ್ಳುತ್ತಿರಲಿಲ್ಲ. ಪರಿಚಯದ ಮಾಸ್ತರರೊಬ್ಬರು ಕಾಗದದ ಮೇಲೆ ಎಂಟು ವರ್ಷ ಕಡಿಮೆ ಮಾಡಿಕೊಟ್ಟರು. ಅಂದಿನಿಂದ ಆ ಎಂಟು ವರ್ಷವನ್ನು ಆತ ಮೀಸೆಯ ಬಣ್ಣದಲ್ಲಿ, ಕಪಾಟಿನ ಹಿಂದೆ, ಮುಚ್ಚಿದ ಬಾಯಲ್ಲಿ ಕಾಪಾಡಿಕೊಂಡು ಬಂದಿದ್ದ. ಐವತ್ತೈದಕ್ಕೆ ನೌಕರಿ ಮುಗಿಯುತ್ತದೆ, ಮಗಳ ಮದುವೆ ಇನ್ನೂ ಆಗಿಲ್ಲ.

“ನಲವತ್ತೊಂಬತ್ರಿ!” ಎಂದ ಸೈದಪ್ಪ, ತೆರೆದ ಬಾಯಿಂದಲೇ.

ಸಾಹೇಬರು ಮೂಲೆಯಲ್ಲಿ ನಿಂತಿದ್ದ ಲಾಲಸಾಬನ ಕಡೆ ತಿರುಗಿ, ಹೆಗಲ ಟವೆಲು ನೋಡಿಯೇ ದನದ ದಲಾಲಿಯೆಂದು ಗುರುತಿಸಿದರು. “ನೀವೂ ನೋಡ್ತೀರೇನು?” ಎಂದು ಕೇಳಿದರು. ಎಲ್ಲರೆದುರು ಬೆಲೆ ಹೇಳುವುದು ದಲಾಲರ ರೀತಿಯಲ್ಲ. ಲಾಲಸಾಬ ತೆರೆದ ಬಾಯನ್ನು ಒಂದೇ ಕ್ಷಣ ನೋಡಿ, ಸಂತೆಯಲ್ಲಿ ಮಾಡುವಂತೆ, ಸಾಹೇಬರ ಕೈಯ ಮೇಲೆ ಟವೆಲು ಹಾಕಿ ಅದರ ಕೆಳಗೆ ಬೆರಳು ಹಿಡಿದ. ಮೊದಲು ಹತ್ತರ ಲೆಕ್ಕದಲ್ಲಿ ಐದು ಬೆರಳು ಒತ್ತಿದ. ಆಮೇಲೆ ಬಿಡಿಯಾಗಿ ಐದು, ಮತ್ತೆ ಎರಡು. ಸಾಹೇಬರು ತಲೆದೂಗಿದರು. ಪ್ಯಾರಿಬಿ ಯಾರೂ ಕೇಳದಿದ್ದರೂ ಕಪಾಟಿನ ಹಿಂದಿನಿಂದ ಕುಟ್ಟಾಣಿ ತಂದು ಮೇಜಿನ ಮೇಲಿಟ್ಟಳು. “ಎಲಿಅಡಿಕಿ ಇದರಾಗ ಕುಟ್ಟಿ ತಿಂತಾರ್ರಿ,” ಎಂದಳು.

ಸಾಹೇಬರು ಪೆನ್ನಿಗೆ ಟೊಪ್ಪಿಗೆಯನ್ನು ಮತ್ತೆ ಹಾಕಿದರು. ಕೆಟ್ಟ ಮನುಷ್ಯರಲ್ಲ. ಆದರೆ ಕಾನೂನು ಬಿಡುವವರೂ ಅಲ್ಲ.

“ನೋಡ್ರಿ ಸೈದಪ್ಪ. ನರ್ಸಬಾಯಿ ಹೇಳಿದ್ದು ಖರೇ ಇದ್ದರ ನಿಮ್ಮ ತಾಲೀಮು ಅವ್ವಲ್. ಆದರ ಉಮರ ಐವತ್ತೇಳು, ನೌಕರಿ ಇವತ್ತೇ ಖಲಾಸ್. ಸುಳ್ಳಿದ್ದರ ಉಮರ ನಲವತ್ತೊಂಬತ್ತು, ನೌಕರಿ ಉಳೀತದ. ಆದರ ತಾಲೀಮು ಬೋಗಸ್, ಜೇವರ್ಗಿ ಇಲ್ಲ. ಯಾವುದು ಬರೀಲಿ, ನೀವೇ ಹೇಳ್ರಿ.”

ಸೈದಪ್ಪ ಮೇಜಿನ ಮೇಲಿನ ಕಾಗದ ನೋಡಿದ, ಕುಟ್ಟಾಣಿ ನೋಡಿದ. ಹನ್ನೊಂದು ವರ್ಷದ ಆಸೆಯ ಆ ಕಾಗದವನ್ನು ಸಾಹೇಬರ ಕಡೆಗೆ ಸರಿಸಿದ.

“ತಾಲೀಮು... ಬರೋಬರಿ ಆಗಿಲ್ರಿ ಸಾಹೇಬ್ರ,” ಎಂದ.

“ಏನ ಮಾತ್ರಿ ಇದು!” ಗುರುಶಾಂತಮ್ಮ ಕೆರಳಿದಳು. “ಎರಡ ಸಲ ಎಣಿಸೇನಿ ನಾ!”

ಸಾಹೇಬರು ಜೇವರ್ಗಿಯ ಕಾಗದವನ್ನು ಜೇಬಿಗೆ ಹಾಕಿಕೊಂಡರು. ಹೊಸ ಹಾಳೆಯಲ್ಲಿ ಏನೋ ಬರೆದು, ದಸ್ತಖತ್ ಮಾಡಿ, ಸೈದಪ್ಪನ ಬೆನ್ನು ತಟ್ಟಿ ಮೋಟಾರು ಹತ್ತಿದರು. ಲಾಲಸಾಬ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಸಂತೆಯ ದಾರಿ ಹಿಡಿದ.

ಹುಕುಂ ಓದುವ ಧೈರ್ಯ ಸೈದಪ್ಪನಿಗೆ ಇರಲಿಲ್ಲ. ಆಮೇಲೆ ಓದಿದರಾಯಿತೆಂದು ಸುರುಳಿ ಸುತ್ತಿ ಕೆಮ್ಮಿನ ಔಷಧದ ಬಾಟಲಿಗೆ ತುರುಕಿದ. ಗುರುಶಾಂತಮ್ಮ ಅದನ್ನು ಎಳೆದು ತೆಗೆದು, ಬಿಚ್ಚಿ, ಗಟ್ಟಿಯಾಗಿ ಓದಿದಳು: “ನರ್ಸಿನ ತಾಲೀಮು ಅಪೂರ್ಣ. ಆಕೆ ಪ್ರತಿ ಸೋಮವಾರ ಕಂಪೌಂಡರನ ಹಲ್ಲು ನೋಡಿ ವಯಸ್ಸು ಬರೆದು ಗುಲ್ಬರ್ಗಾಕ್ಕೆ ಕಳಿಸತಕ್ಕದ್ದು. ವಯಸ್ಸು ನಲವತ್ತೊಂಬತ್ತಕ್ಕೆ ಇಳಿದ ದಿನ ತಾಲೀಮು ಪೂರ್ಣವಾಯಿತೆಂದು ತಿಳಿದು, ಆತನನ್ನು ಜೇವರ್ಗಿಗೆ ಬದಲಿ ಮಾಡಲಾಗುವುದು.”

ಸೈದಪ್ಪ ಎರಡೂ ಕೈಯಿಂದ ತಲೆ ಹಿಡಿದುಕೊಂಡ. ಗುರುಶಾಂತಮ್ಮ ನೋಟುಬುಕ್ಕಿನಲ್ಲಿ ಹೊಸ ಪುಟ ತಿರುವಿ, ತಾರೀಖು ಬರೆದು, ಮಗ್ಗುಲಿಗೆ ಬಂದು ನಿಂತಳು.

“ಇವತ್ತ ಸೋಮವಾರ ಅದ್ರಿ,” ಎಂದಳು. “ಬಾಯಿ ತೆಗಿರಿ.”