ಹದಿನಾರು ನೇರ ಪಟ್ಟಿಗಳು

ಆ ದಿನದ ರಗಳೆಗೆಲ್ಲ ಕಾರಣ ಒಂದೇ ಒಂದು ಮಾತು: "ಸೊಟ್ಟ."

ಹಾಗೆಂದವರು ಸರ್ವೆಯರು. ನಿವೃತ್ತರಾಗಿ ಎರಡು ವರ್ಷವಾಗಿದ್ದರೂ ನೆರೆಹೊರೆಯವರ ಬಾಯಲ್ಲಿ ಅವರು ಇನ್ನೂ ಸರ್ವೆಯರೇ. ಮೂವತ್ತೊಂದು ವರ್ಷ ಬಿಸಿಲಲ್ಲಿ ಗೂಟ ಹೊಡೆದು, ದಾರ ಎಳೆದು, ಒಂದು ಕಣ್ಣು ಮುಚ್ಚಿ ರಸ್ತೆಗಳನ್ನು ನೇರ ಮಾಡಿದ ಆಸಾಮಿ. ಈಗ ರಸ್ತೆಗಳಿಲ್ಲದೆ ಆ ಕಣ್ಣು ಮನೆಯೊಳಗೆ ತಿರುಗಿತ್ತು. ಗೋಡೆಯ ಪಟ, ಚಾಪೆಯ ಅಂಚು, ಹೆಂಡತಿಯ ಬೈತಲೆ, ಯಾವುದೂ ಅದರಿಂದ ಪಾರಾಗುತ್ತಿರಲಿಲ್ಲ. ಅಂದು ಬೆಳಿಗ್ಗೆ ಅವರು ಹೆಂಡತಿ ಕೌದಿಗೆಂದು ಕತ್ತರಿಸಿಟ್ಟ ಬಟ್ಟೆ ಪಟ್ಟಿಗಳ ಮೇಲೆ ಬಗ್ಗಿ ತಮ್ಮ ತೀರ್ಪು ಕೊಟ್ಟಿದ್ದರು.

ಹೆಂಡತಿ ಸಿಟ್ಟಾಗಲಿಲ್ಲ. ಅಲ್ಲೇ ಸರ್ವೆಯರು ಎಚ್ಚರವಾಗಬೇಕಿತ್ತು.

"ಹಾಗಾದ್ರೆ ನೀವೇ ಕತ್ತರಿಸಿ," ಎಂದರು ಆಕೆ.

"ಕತ್ತರಿಸಿದ್ರೆ ಏನು ಕೊಡ್ತೀಯ?"

"ಕಿಟಕಿ ಮೂಲೆ."

ಸರ್ವೆಯರು ತಟ್ಟನೆ ತಲೆಯೆತ್ತಿದರು. ಹಜಾರದ ಕಿಟಕಿ ಮೂಲೆ ಒಂದು ಕಾಲಕ್ಕೆ ಅವರದು. ಅಲ್ಲಿ ಆರಾಮ ಕುರ್ಚಿ ಹಾಕಿಕೊಂಡು ಕೂತರೆ ಇಡೀ ಬೀದಿ ಕಾಣುತ್ತಿತ್ತು: ಯಾರು ಯಾರ ಜೊತೆ ಹೋದರು, ಯಾರು ಎಷ್ಟು ಹೊತ್ತಿಗೆ ಬಂದರು, ಎಲ್ಲ. ಆರು ತಿಂಗಳ ಹಿಂದೆ ಹೆಂಡತಿ ಕೌದಿ ಕ್ಲಾಸಿಗೆ ಸೇರಿದ್ದೇ ತಡ, ಅಲ್ಲಿ ಹೊಲಿಗೆ ಯಂತ್ರವೂ ಉದ್ದನೆಯ ಮೇಜೂ ಬಂದು ಕೂತವು. ಕುರ್ಚಿ ಬಚ್ಚಲ ಬಾಗಿಲಿಗೆ ವರ್ಗವಾಯಿತು. ಅಲ್ಲಿಂದ ಕಾಣುತ್ತಿದ್ದದ್ದು ಒಂದು ಬಕೆಟ್ಟು ಮಾತ್ರ.

"ಹದಿನಾರು ಪಟ್ಟಿ," ಎಂದರು ಹೆಂಡತಿ. "ಎರಡೂವರೆ ಇಂಚು ಅಗಲ, ಕೂದಲೆಳೆಯಷ್ಟೂ ಆಚೀಚೆ ಆಗಬಾರ್ದು. ನಾನು ಅಕ್ಕನ ಮನೆಗೆ ಹೋಗಿ, ಕ್ಲಾಸ್ ಮುಗಿಸ್ಕೊಂಡು ಐದಕ್ಕೆ ಬರ್ತೀನಿ. ಗೆದ್ರೆ ಮೂಲೆ ನಿಮ್ದು. ಸೋತ್ರೆ ಕುರ್ಚಿ ಅಲ್ಲೇ ಇರುತ್ತೆ. ಸೊಟ್ಟ ಅನ್ನೋ ಮಾತು ಮಾತ್ರ ಈ ಮನೇಲಿ ಮತ್ತೆ ಕೇಳಿಸ್ಕೂಡದು."

"ರಸ್ತೆ ಹಾಕ್ಸಿದೋನು ನಾನು. ಇದೇನು ಮಹಾ?"

"ರಸ್ತೇನ ಯಾರೂ ಮಡಚಲ್ಲ," ಎಂದು ಆಕೆ ಚಪ್ಪಲಿ ಮೆಟ್ಟಿದರು. "ಬೇಕಾದ್ದಕ್ಕೆ ಎರಡರಷ್ಟು ಬಟ್ಟೆ ಇಟ್ಟಿದ್ದೀನಿ. ಅರ್ಧ ಪಟ್ಟಿಗೆ, ಅರ್ಧ ನಿಮ್ಮ ಕೈಚಳಕಕ್ಕೆ."

ಸಾಸಿವೆ ಬಣ್ಣದ ಆ ಬಟ್ಟೆ ಮೇಜಿಗಿಂತ ಅಗಲವಿತ್ತು. ಸರ್ವೆಯರು ಅದನ್ನು ನಡುವೆ ಒಂದು ಸಲ ಮಡಚಿ, ಅಂಗಡಿಯವನು ಕತ್ತರಿಸಿಕೊಟ್ಟ ಅಂಚಿಗೆ ಸರಿಯಾಗಿ ಸ್ಕೇಲಿಟ್ಟು, ಹೆಂಡತಿ ಬಟ್ಟೆ ಕತ್ತರಿಸುವ ಚಕ್ರದ ಅಲಗನ್ನು ಸರ್ರನೆ ಉರುಳಿಸಿದರು. ನಾಲ್ಕು ಪಟ್ಟಿ ಕತ್ತರಿಸುವಷ್ಟರಲ್ಲಿ ಅವರ ಮನಸ್ಸು ಕುರ್ಚಿಯನ್ನು ಕಿಟಕಿಗೆ ಎಳೆದು ತಂದಾಗಿತ್ತು. ಮೊದಲ ಪಟ್ಟಿಯ ಮಡಿಕೆ ಬಿಡಿಸಿದರು. ಎರಡು ಕಡೆಯೂ ಲಕ್ಷಣವಾಗಿತ್ತು, ನಡುವೆ ಮಾತ್ರ ಮೊಣಕೈ ತಿರುಗಿಸಿದ ಹಾಗೆ ಬಾಗಿತ್ತು. ಎರಡನೆಯದೂ ಹಾಗೇ. ನಾಲ್ಕೂ ಹಾಗೇ.

"ಏನ್ರೀ ಅದು, ಬಾಣವೋ ಬಿಲ್ಲೋ?" ಎನ್ನುತ್ತ ಒಳಗೆ ಬಂದವರು ಎದುರು ಮನೆಯ ಲೆಕ್ಕದ ಮೇಷ್ಟ್ರು. ತೆರೆದ ಬಾಗಿಲು ಕಂಡರೆ ತಮ್ಮನ್ನೇ ಕರೆದರು ಎಂದುಕೊಳ್ಳುವ ಜನ. ಜೇಬಿನಿಂದ ಕೋನಮಾಪಕ ತೆಗೆದು ಪಟ್ಟಿಯ ಮೇಲಿಟ್ಟರು. "ನೂರ ಎಪ್ಪತ್ತಾರು ಡಿಗ್ರಿ. ನೇರಕ್ಕೆ ನಾಲ್ಕೇ ಕಮ್ಮಿ. ನೂರಕ್ಕೆ ತೊಂಬತ್ತೇಳು ಮುಕ್ಕಾಲು ಮಾರ್ಕು ಸರ್ವೆಯರೇ!"

"ನಮ್ಮನೇಲಿ ಮುಕ್ಕಾಲು ನಡೆಯಲ್ಲ ಮೇಷ್ಟ್ರೇ."

"ಹಾಗಾದ್ರೆ ಸುಲಭ. ಸ್ಕೇಲನ್ನ ನಾಲ್ಕು ಡಿಗ್ರಿ ಆ ಕಡೆಗೆ ವಾಲಿಸಿ."

ವಾಲಿಸಿದರು. ಮತ್ತೆ ನಾಲ್ಕು ಪಟ್ಟಿ ಬಂದವು, ಮತ್ತೆ ಬಾಗಿದವು. ಈ ಸಲ ಇನ್ನೊಂದು ಕಡೆಗೆ, ಅಷ್ಟೇ ಅಚ್ಚುಕಟ್ಟಾಗಿ.

ಮೇಷ್ಟ್ರು ಗದ್ದ ಕೆರೆದುಕೊಂಡರು. "ಬಟ್ಟೆ ಎರಡು ಪದರ ಅಲ್ವಾ? ಎರಡೇ ಡಿಗ್ರಿ ವಾಲಿಸ್ಬೇಕಿತ್ತು. ವಿಧಾನ ಸರಿ, ಉತ್ತರ ತಪ್ಪು. ಅರ್ಧ ಮಾರ್ಕು ಸಿಗುತ್ತೆ." ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಅವರು ಕಿಟಕಿಯಿಂದ ತಲೆ ಹೊರಹಾಕಿ ಕೆಳಗಿನ ಅಂಗಡಿಯ ಕ್ಷೌರಿಕನನ್ನು ಕೂಗಿದರು. ಗಿರಾಕಿಯ ಮುಖಕ್ಕೆ ನೊರೆ ಹಚ್ಚಿ ಕೂರಿಸಿ ಅವನು ಮೆಟ್ಟಿಲು ಹತ್ತಿ ಬಂದ.

"ಕತ್ತರಿಸೋದು ಅಂದ್ರೆ ಯಾರ ಕಸುಬು? ನಂದು," ಎಂದು ಅವನು ಬಾಗಿದ ಪಟ್ಟಿಯೊಂದನ್ನು ಎತ್ತಿ ಹಿಡಿದ. "ಎರಡೂ ಕಡೆ ಸಮ ಮಾಡಿದ್ರೆ ತಾನಾಗೇ ನೇರ ಬರುತ್ತೆ." ಎಡಗಡೆ ಒಂಚೂರು ಸವರಿದ. ಬಲಗಡೆ ದಪ್ಪ ಕಂಡಿತು. ಬಲಗಡೆ ಸವರಿದ. ಎಡಗಡೆ ಉಬ್ಬಿತು. ಹೀಗೆ ಕಿವಿಯ ಪಕ್ಕದ ಕೃತಾ ಸಮ ಮಾಡುವಂತೆ ಎಡಬಲ ಸವರುತ್ತ ಹೋದಂತೆ ಎರಡೂವರೆ ಇಂಚು ಎರಡಾಯಿತು, ಒಂದಾಯಿತು, ಕೊನೆಗೆ ಕೈಯಲ್ಲಿ ಉಳಿದದ್ದು ಒಂದು ದಾರ.

"ನೋಡಿ, ಈಗ ನೇರ ಇದೆ!"

"ಚಡ್ಡಿ ಲಾಡಿಗೆ ಆಗುತ್ತೆ," ಎಂದರು ಮೇಷ್ಟ್ರು ಮೆಚ್ಚಿಕೊಂಡು.

ಸರ್ವೆಯರು ಇಬ್ಬರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದರು. ಗಂಟೆ ಎರಡೂವರೆ. ಕೈಚಳಕಕ್ಕೆಂದಿಟ್ಟ ಬಟ್ಟೆಯಲ್ಲಿ ಎಂಟು ಪಟ್ಟಿ ಹಾಳಾಗಿದ್ದವು. ಬಚ್ಚಲ ಬಾಗಿಲಲ್ಲಿ ಕುರ್ಚಿ, ಅದರಾಚೆ ಬಕೆಟ್ಟು. ಇನ್ನುಳಿದ ಆಯುಷ್ಯವೆಲ್ಲ ಆ ಬಕೆಟ್ಟಿನ ಮುಖ ನೋಡಬೇಕಲ್ಲ ಎಂದು ಅವರಿಗೆ ನಿಜಕ್ಕೂ ಅಳು ಬಂತು. ಉಳಿದ ಬಟ್ಟೆಯನ್ನು ಅಂಗಿಯೊಳಗೆ ತುರುಕಿಕೊಂಡು ಹಿಂದಿನ ಬೀದಿಗೆ ನಡೆದರು. ಅಲ್ಲಿ ಒಬ್ಬ ಟೈಲರಮ್ಮನ ಅಂಗಡಿ ಇತ್ತು. ಸರ್ವೆಯರು ಅಲ್ಲಿಗೆ ಹಿಂದೆಂದೂ ಕಾಲಿಟ್ಟವರಲ್ಲ.

"ಯಾರಿಗೆ ಇದು?" ಎಂದು ಕೇಳಿದಳು ಟೈಲರಮ್ಮ.

"ನಮ್ಮ ಎದುರು ಮನೆ ಮೇಷ್ಟ್ರಿಗೆ. ಪಾಪ, ಈ ವಯಸ್ಸಲ್ಲಿ ಕೌದಿ ಹುಚ್ಚು."

"ಬೇಗ ಮಾಡ್ಕೊಡ್ತೀನಿ, ನಾಲ್ಕಕ್ಕೆ ನಂಗೆ ಬೇರೆ ಕೆಲಸ ಇದೆ." ಅವಳು ಬಟ್ಟೆಯ ಎರಡು ಅಂಚು ಜೋಡಿಸಿ ಗಾಳಿಯಲ್ಲಿ ಎತ್ತಿ ಹಿಡಿದಳು. ಕೆಳಗೆ ಜೋತ ಮಡಿಕೆಯಲ್ಲಿ ಒಂದೂ ಸುಕ್ಕಿಲ್ಲದಂತಾಗುವವರೆಗೆ ಅಂಚುಗಳನ್ನು ಆಚೀಚೆ ಸರಿಸಿದಳು. ಮೇಜಿನ ಮೇಲೆ ಮಲಗಿಸಿ, ಅಂಗಡಿಯವನ ಅಂಚನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, ಮಡಿಕೆಗೆ ನೇರ ಲಂಬವಾಗಿ ಸ್ಕೇಲಿಟ್ಟಳು. ಹತ್ತು ನಿಮಿಷಕ್ಕೆ ಹದಿನಾರು ಪಟ್ಟಿ. ಸರ್ವೆಯರು ಅದನ್ನೆಲ್ಲ ನೋಡಿ ಕಲಿಯಬಹುದಿತ್ತು. ಆದರೆ ಅವರ ಕಣ್ಣೆಲ್ಲ ಬಾಗಿಲ ಮೇಲೆ, ಪರಿಚಯದವರು ಯಾರಾದರೂ ಬಂದುಬಿಟ್ಟರೆ ಎಂದು.

ಐದಕ್ಕೆ ಹೆಂಡತಿ ಬಂದರು. ಒಬ್ಬರೇ ಅಲ್ಲ, ಹಿಂದೆ ಕ್ಲಾಸಿನ ಏಳು ಹೆಂಗಸರು. ಸರ್ವೆಯರು ಕಾಲ ಮೇಲೆ ಕಾಲು ಹಾಕಿ, ಮೇಜಿನ ಕಡೆ ಬೆರಳು ತೋರಿಸಿದರು. ಹೆಂಡತಿ ಒಂದೊಂದೇ ಪಟ್ಟಿ ಬಿಡಿಸಿ ಸ್ಕೇಲಿಟ್ಟರು. ಹದಿನಾರನೆಯದನ್ನು ಕೆಳಗಿಟ್ಟಾಗ ಅವರ ಮುಖದಲ್ಲಿ ಮೂವತ್ತು ವರ್ಷದಲ್ಲಿ ಕಾಣದ ಬೆರಗಿತ್ತು.

"ಸೋತೆ ಕಣ್ರೀ," ಎಂದರು. "ಟೀಚರ್, ನೀವೂ ಒಂದ್ಸಲ ನೋಡಿ."

ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಟೀಚರ್ ಒಳಗೆ ಬಂದಳು. ಟೈಲರಮ್ಮ.

ಸರ್ವೆಯರ ಮೇಲಿನ ಕಾಲು ತಾನಾಗಿ ಕೆಳಗಿಳಿಯಿತು. ಆರು ತಿಂಗಳಲ್ಲಿ ಒಂದು ದಿನವಾದರೂ ಕ್ಲಾಸು ಯಾರದು ಎಂದು ಹೆಂಡತಿಯನ್ನು ಕೇಳಿರಲಿಲ್ಲ ಅವರು. ಟೈಲರಮ್ಮ ತಾನೇ ಕತ್ತರಿಸಿದ ಪಟ್ಟಿಯನ್ನು ಬೆಳಕಿಗೆ ಹಿಡಿದು, ತಿರುಗಿಸಿ ಮುರುಗಿಸಿ ನೋಡಿದಳು. ಆಮೇಲೆ ಸರ್ವೆಯರನ್ನು ನೋಡಿದಳು.

"ಇಂಥ ಕೈ ನಾನು ಕಂಡೇ ಇಲ್ಲ," ಎಂದಳು ಗಂಭೀರವಾಗಿ. "ನಮ್ಮ ಕ್ಲಾಸಲ್ಲಿ ಹೊಲಿಯೋರು ಬೇಕಾದಷ್ಟು, ಕತ್ತರಿಸೋರೇ ಇಲ್ಲ. ಇವತ್ತಿಂದ ಎಲ್ಲಾರದ್ದೂ ಇವರೇ ಕತ್ತರಿಸ್ಲಿ. ಅಲ್ವಾ ಸರ್?"

ಸರ್ವೆಯರು ಬಾಯಿ ತೆರೆದರು. ನಿಜ ಹೇಳಿದರೆ ಬಕೆಟ್ಟು, ಹೇಳದಿದ್ದರೆ ಕಿಟಕಿ. ಬಾಯಿ ಮುಚ್ಚಿದರು.

ಹೆಂಡತಿ ಮಾತಿಗೆ ತಪ್ಪುವವರಲ್ಲ. ಹೊಲಿಗೆ ಯಂತ್ರ ಪಕ್ಕದ ಕೋಣೆಗೆ ಹೋಯಿತು, ಆರಾಮ ಕುರ್ಚಿ ಮೆರವಣಿಗೆಯಲ್ಲಿ ಕಿಟಕಿಗೆ ಬಂತು. ಮೇಜು ಮಾತ್ರ ಅಲ್ಲೇ ಉಳಿಯಿತು, ಕತ್ತರಿಸಲು ಬೇಕಲ್ಲ. ಹೆಂಗಸರು ತಂತಮ್ಮ ಚೀಲದಿಂದ ಬಟ್ಟೆ ಗಂಟುಗಳನ್ನು ತೆಗೆದು ಕಿಟಕಿಯ ಕಟ್ಟೆಯ ಮೇಲೆ ಪೇರಿಸಿದರು. ಬೀದಿ ಮೊದಲು ಅರ್ಧ ಮರೆಯಾಯಿತು, ಆಮೇಲೆ ಪೂರ್ತಿ. "ನಿಧಾನಕ್ಕೆ ಮಾಡಿ, ನಾಳೆ ಸಾಕು," ಎಂದು ಎಲ್ಲರೂ ಕೆಳಗಿಳಿದು ಹೋದರು.

ಸರ್ವೆಯರು ಒಂದು ಗಂಟು ಸರಿಸಿ, ಸಂದಿಗೆ ಒಂದು ಕಣ್ಣಿಟ್ಟರು. ಕೆಳಗೆ ಕ್ಷೌರದಂಗಡಿಯ ಬೆಂಚಿನ ಮೇಲೆ ಹೆಂಡತಿ, ಟೈಲರಮ್ಮ, ಮೇಷ್ಟ್ರು ಸಾಲಾಗಿ ಕೂತಿದ್ದರು. ಮೂವರೂ ಹೋಗಿಬರುವವರನ್ನೆಲ್ಲ ಸಾವಧಾನವಾಗಿ ನೋಡುತ್ತ, ಏನೋ ಹೇಳಿಕೊಂಡು ಬಿದ್ದು ಬಿದ್ದು ನಗುತ್ತಿದ್ದರು. ಹೆಂಡತಿ ತಲೆಯೆತ್ತಿ ಕೂಗಿದರು:

"ಏನ್ರೀ, ನೇರ ಬರ್ತಿದೆಯಾ?"

"ಓಹೋ, ಬಹಳ ನೇರ!" ಎಂದು ಕೂಗಿದ ಸರ್ವೆಯರು, ಆಗಷ್ಟೇ ಕತ್ತರಿಸಿ ಬಿಡಿಸಿದ್ದ ಮೊದಲ ಪಟ್ಟಿಯನ್ನು ಮೆಲ್ಲಗೆ ತೊಡೆಯ ಕೆಳಗೆ ಸೇರಿಸಿದರು.