ಚೆಲ್ಲೋ ಬಾಯಾರು ಹಾಕಿದ ಲೆಹರಾ

ಹಾರ್ಮೋನಿಯಂ ಹೊತ್ತು ಊರೂರು ತಿರುಗೋರು ನಗಿ ಹುಡುಕಬೇಕಾಗಿಲ್ಲ. ನಾವು ದುಃಖದಾಗ ಇದ್ರೂ ಅದು ಬಂದು ಮಗ್ಗಲದಾಗ ಕುಂದರತೈತಿ.

ನಾನು ಸಿಂದಗಿಯ ಸಂಗೀತ ಮಾಸ್ತರ. ನಮ್ಮಪ್ಪ ಹಾರ್ಮೋನಿಯಂದಾಗ ಲೆಹರಾ ಹಾಕಾಂವ, ಅಂದ್ರ ತಬಲಾದವರಿಗಂತ ಒಂದ ಸಣ್ಣ ಧಾಟಿ ತಿರುಗಿ ತಿರುಗಿ ನುಡಸಾಂವ. ಅದರ ಮ್ಯಾಲ ಅಪ್ಪನ ತಮ್ಮ, ನಮ್ಮ ಕಾಕಾನ ತಬಲಾ. ಜನ್ಮದ ಜೋಡಿ ಅದು. ಅಪ್ಪ ತೀರಿಕೊಂಡ ಮ್ಯಾಲ ಕಾಕಾ ತಬಲಾ ಮುಟ್ಟಲಿಲ್ಲ. "ನಾ ಲೆಹರಾ ಹಾಕ್ತೇನಿ, ಬಾರಸ್ರಿ" ಅಂದ್ರ, "ನೀ ಲಯದಾಗ ಭಾಳ ಓಡ್ತೀಪಾ" ಅಂತಿದ್ರು. ಸಿಟ್ಟೂ ಬರ್ತಿತ್ತು, ಅಳುವೂ ಬರ್ತಿತ್ತು. ಒಮ್ಮೆ ಬಾರಸಲಿ, ಅಷ್ಟ ನನ್ನ ಆಸೆ.

ಮೊನ್ನೆ ಧಾರವಾಡದಿಂದ ಒಬ್ಬರು ಬಾಯಾರು, ಅಂದ್ರ ಮೇಡಮ್ಮಾರು, ಚೆಲ್ಲೋ ತಗೊಂಡು ಬಂದ್ರು. ಆಳೆತ್ತರದ ಪಿಟೀಲು ಅದು. ಯುರೋಪಿನ ಬರೋಕ್ ಅನ್ನೋ ಹಳೇ ಸಂಗೀತಾನ ನಮ್ಮ ಭಜನಿ ಜೋಡಿ ಕೂಡಿಸಬೇಕಂತ ಅವರ ಹಟ. ಮೂರು ಊರಾಗ ಕಾರ್ಯಕ್ರಮ ಇಟ್ಕೊಂಡ್ವಿ. ಕಾಕಾ "ಸುಮ್ನ ಕೇಳಾಕ ಬರ್ತೇನಿ" ಅಂತ ನಮ್ಮ ಗಾಡಿ ಹತ್ತಿದ್ರು. ನಾನೂ ಸುಮ್ನ ತಬಲಾ ಇಟ್ಟುಕೊಂಡೆ.

ಇಂಡಿಯೊಳಗ

ಆ ಸಂಗೀತ ತುಣುಕು ತುಣುಕು ಇರ್ತೈತಿ, ನಡುವ ಚೂರು ನಿಲ್ಲಬೇಕು. ಬಾಯಾರು ಮೊದಲನೇ ತುಣುಕು ಮುಗಿಸಿ ಉಸಿರು ತಗೊಂಡ್ರೋ ಇಲ್ಲೋ, ಊರ ಹಿರಿಯರು ಎದ್ದು ಶಾಲು ಹೊಚ್ಚಿ ಕಾಯಿ ಕೊಟ್ರು. ಎರಡನೇದು ಮುಗೀತು, ಮತ್ತೊಂದು ಶಾಲು. "ಇನ್ನೂ ಮುಗಿದಿಲ್ರೀ" ಅಂದ್ರು ಬಾಯಾರು.

"ನೀವು ನುಡಸ್ರಿ, ಶಾಲೂ ಇನ್ನೂ ಅದಾವು" ಅಂದ್ರು ಹಿರಿಯರು.

ಮುದ್ದೇಬಿಹಾಳದಾಗ

ಒಬ್ಬಾಂವ ಹಾಡ್ತಿರಬೇಕು, ಮುಗಿಸೂದ್ರೊಳಗ ಇನ್ನೊಬ್ಬಾಂವ ಅದನ್ನ ಮೊದಲಿಂದ ಹಿಡೀಬೇಕು. ಭಜನಿ ಮಂದಿಗೆ ಬಾಯಾರು ಇದನ್ನ ಕಲಿಸಾಕ ಹೋದ್ರು. ಭಜನಿ ಮುಂದಾಳು ಅಣ್ಣಾರು ಶುರು ಮಾಡಿದ್ರು, ಉಳಿದವರು ಹಿಡೀಲಿಲ್ಲ. "ಅಣ್ಣಾರು ಇನ್ನೂ ಹಾಡಾಕತ್ತಾರ್ರಿ, ನಡುವ ಬಾಯಿ ಹಾಕಿದ್ರ ಹ್ಯಾಂಗ?"

ಮುಂದ ಕುಂತಿದ್ದ ಅಣ್ಣಾರ ಹೆಂಡ್ತಿ ಅಂದ್ಲು: "ನನ್ನ ಕರೀರಿ. ನಮ್ಮ ಮನ್ಯಾಗ ದಿನಾ ಇದ ನಡೀತೈತಿ."

ಮಂದಿ ಬಿದ್ದು ಬಿದ್ದು ನಕ್ಕರು. ಕಾಕಾ ಮಾತ್ರ ನಗಲಿಲ್ಲ.

ಬಸವನ ಬಾಗೇವಾಡಿಯೊಳಗ

ಕಡೀ ಕಾರ್ಯಕ್ರಮ. ಬಾಯಾರು ಚೆಲ್ಲೋದಾಗ ಒಂದ ಸಣ್ಣ ಧಾಟಿ, ಮಂದ್ರದಾಗ, ತಿರುಗಿ ತಿರುಗಿ ನುಡಸಬೇಕು. ಅದರ ಮ್ಯಾಲ ನನ್ನ ಹಾರ್ಮೋನಿಯಂ. ಅವರು ಶುರು ಮಾಡಿದ್ರು. ನಾ ಕೈ ಹಚ್ಚೋ ಮೊದಲ ಕಾಕಾ ನನ್ನ ತೋಳು ಹಿಡಿದ್ರು.

"ಲೆಹರಾ ಹಾಕ್ಯಾಳಲ್ಲೋ ಆಕಿ. ತಬಲಾದಾಂವ ಎಲ್ಲಿ?"

ಅದು ಲೆಹರಾ ಅಲ್ಲಂತ ನನಗ ಗೊತ್ತಿತ್ತು. ಆದ್ರೂ "ಯಾರೂ ಇಲ್ರಿ" ಅಂದೆ.

"ಹಾಕಿದ ಲೆಹರಾ ಖಾಲಿ ಬಿಡಬಾರದು" ಅಂತ ಕಾಕಾ ತಬಲಾ ಎಳಕೊಂಡ್ರು.

ಬಾರಿಸಿದ್ರು ನೋಡ್ರಿ. ನಾ ಹಾರ್ಮೋನಿಯಂ ಮುಚ್ಚಿ ಕುಂತು ಅತ್ತೆ. ಬಾಯಾರ ಧಾಟಿ ಮುಗಿಯೋ ಹೊತ್ತಾತು, ನನ್ನ ಮಾರಿ ನೋಡಿದ್ರು. ತಬಲಾದವರು ನಿಲ್ಲಿಸೋತನಾ ಲೆಹರಾ ನಿಲ್ಲಂಗಿಲ್ಲ ನಮ್ಮಲ್ಲೆ. ಕೈ ಮುಗಿದೆ. ತೋಳು ಸೋತ್ರೂ ಆ ಪುಣ್ಯಾತ್ಗಿತ್ತಿ ನಿಲ್ಲಿಸಲಿಲ್ಲ.

ಎಲ್ಲಾ ಮುಗಿದ ಮ್ಯಾಲ ಕಾಕಾ ಬಾಯಾರ್ನ ಕೇಳಿದ್ರು, "ಇದನ್ನ ಕಟ್ಟಿದಾಂವ ಯಾರವ್ವಾ?"

"ಭಾಳ ಹಳಬರ್ರಿ ಕಾಕಾ. ಅವರು ತಬಲಾಕ್ಕಂತ ಕಟ್ಟಿದ್ದಲ್ಲ."

ಕಾಕಾ ಕಣ್ಣು ಒರಸಿಕೊಂಡ್ರು. "ಲೆಹರಾ ಕಟ್ಯಾನ, ತಬಲಾದ ಜಾಗಾ ಖಾಲಿ ಬಿಟ್ಟಾನ. ಪಾಪ, ಅವನ ಜೋಡೀನೂ ಮೊದಲ ಹೋಗಿರಬೇಕು ನೋಡು."