ಮೂರು ಬೆಡ್‌ರೂಮಿಗೆ ಒಬ್ಬ

ದೊಡ್ಡ ಮನೆಯಲ್ಲಿ ಒಬ್ಬನೇ ಇರುವವನಿಗೆ ಹೇಳಿಕೊಳ್ಳುವಂಥದ್ದು ಏನೂ ನಡೆಯುವುದಿಲ್ಲ ಎಂದು ಜನ ಅಂದುಕೊಂಡಿದ್ದಾರೆ. ನನಗಂತೂ ರಾಮನಗರದ ಈ ಫ್ಲ್ಯಾಟಿಗೆ ಬಂದಾಗಿನಿಂದ ಏನಾದರೊಂದು ನಡೆಯುತ್ತಲೇ ಇದೆ. ನಡೆದದ್ದನ್ನು ಮನೆಗೆ ಬಂದು ಹೇಳೋಣವೆಂದರೆ ಕೇಳುವವರಿಲ್ಲ, ತೊಂದರೆ ಅದೊಂದೇ. ಅದಕ್ಕೇ ಬರೆದಿಡುತ್ತಿದ್ದೇನೆ.

೧. ಏಳು ನಿಮಿಷ

ನನ್ನ ಕೆಲಸ ಬಿಡದಿಯ ಕೈಗಾರಿಕಾ ಪ್ರದೇಶದಲ್ಲಿ, ಒಂದು ಕಾರ್ಖಾನೆಯ ಸ್ಟೋರಿನಲ್ಲಿ. ಇಪ್ಪತ್ತೆರಡು ವರ್ಷ ನಾನೂ ನನ್ನ ಹೆಂಡತಿಯೂ ಬೆಂಗಳೂರಿನ ವಠಾರವೊಂದರಲ್ಲಿ, ಕೈ ಚಾಚಿದರೆ ಎರಡೂ ಕಡೆ ಗೋಡೆ ಸಿಗುವ ಮನೆಯಲ್ಲಿ ಸಂಸಾರ ಮಾಡಿದೆವು. ಮಕ್ಕಳಾಗಲಿಲ್ಲ. 'ರೈಲಿಗೆ ಹತ್ತಿರ ಇರೋ ಊರಲ್ಲಿ ಒಂದು ದೊಡ್ಡ ಮನೆ ಹಿಡಿಯೋಣ, ಅಡುಗೆಮನೆಗೆ ಕಿಟಕಿ ಇರಬೇಕು' ಎನ್ನುತ್ತಿದ್ದಳು. 'ನೋಡೋಣ' ಎಂದು ನಾನು ಮುಂದೂಡುತ್ತಾ ಬಂದೆ. ಅವಳು ತೀರಿಕೊಂಡ ಮೇಲೆ, ಯಾರ ಮೇಲಿನ ಸಿಟ್ಟಿಗೋ ಏನೋ, ಹಠ ಹಿಡಿದು ಹುಡುಕಿದೆ.

ಬ್ರೋಕರ್ ಒಬ್ಬ ಸಿಕ್ಕಿದ. 'ವಿಶಾಲವಾದ ಮೂರು ಬೆಡ್‌ರೂಮು ಸಾರ್, ಸ್ಟೇಷನ್‌ನಿಂದ ಏಳೇ ನಿಮಿಷ' ಎಂದು ಬೈಕಿನಲ್ಲಿ ಕೂರಿಸಿಕೊಂಡು ಹೋದ. ನಿಜಕ್ಕೂ ಏಳು ನಿಮಿಷವೇ ಆಯಿತು.

'ನಡ್ಕೊಂಡು ಹೋದ್ರೆ ಎಷ್ಟಾಗುತ್ತಪ್ಪ?' ಎಂದೆ.

'ಅಷ್ಟು ದೂರ ಯಾರು ಸಾರ್ ನಡೀತಾರೆ?' ಎಂದ.

ಮನೆ ಮಾತ್ರ ಚೆನ್ನಾಗಿತ್ತು, ಅಡುಗೆಮನೆಗೆ ಎರಡು ಕಿಟಕಿ. ಓನರು ಸಾಹೇಬರು, ತಾತನ ಕಾಲದಿಂದ ರೇಷ್ಮೆ ನೂಲು ತೆಗೆಯುವ ಮನೆತನದವರು. ಮೊದಲು ಕೇಳಿದ್ದೇ ಅದನ್ನ: 'ಬ್ಯಾಚುಲರ್‌ಗೆ ಕೊಡಲ್ಲ ಸಾರ್. ಫ್ಯಾಮಿಲಿ ಐತೆ ತಾನೇ?'

'ಬರ್ತಾರೆ' ಅಂದುಬಿಟ್ಟೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಇಲ್ಲ ಎನ್ನುವ ಮಾತು ಬಾಯಿಗೆ ಬರಲಿಲ್ಲ, ಅಷ್ಟೇ.

'ದಸರಾ ಒಳಗೆ ಬಂದ್ಬಿಡ್ಲಿ. ಇಲ್ಲಾಂದ್ರೆ ಖಾಲಿ ಮಾಡ್ಬೇಕಾಗುತ್ತೆ, ಬೇಜಾರು ಮಾಡ್ಕೋಬೇಡಿ' ಎಂದರು. ಆಮೇಲೆ ನಡುಮನೆಯನ್ನು ಈ ಗೋಡೆಯಿಂದ ಆ ಗೋಡೆಯವರೆಗೆ ನೋಡಿ ನಿಟ್ಟುಸಿರು ಬಿಟ್ಟರು. 'ಇಲ್ಲಿ ಹತ್ತು ಬೇಸಿನ್ ಹಾಕಿ ಗೂಡು ಬೇಯಿಸಿ ನೂಲು ತೆಗೀಬಹುದಿತ್ತು. ನಮ್ಮ ಮನೆಯೋರು ಬೇಡ ಅಂದ್ಬಿಟ್ರು. ಇರ್ಲಿ ಬಿಡಿ, ನೀವೇ ಇರಿ.'

೨. ಅರ್ಧ ಲೀಟರು

ಬಾಡಿಗೆ ಮನೆಯಾದರೂ ಹಾಲು ಉಕ್ಕಿಸದೆ ಒಲೆ ಹಚ್ಚಬಾರದಲ್ಲ. ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ಒಲೆಗೆ ಕುಂಕುಮವಿಟ್ಟು, ಹಾಲಿಟ್ಟುಕೊಂಡು ನಿಂತೆ. ಒಬ್ಬನಿಗೆ ಎಷ್ಟು ಬೇಕು? ಅರ್ಧ ಲೀಟರಿನ ಒಂದು ಪ್ಯಾಕೆಟ್ಟು ತಂದಿದ್ದೆ. ಪಾತ್ರೆ ಮಾತ್ರ ದೊಡ್ಡದು. ದೊಡ್ಡ ಮನೆ ಹಿಡಿದ ದಿನ ಇಡೋಣ ಎಂದು ಹೆಂಡತಿ ಕಟ್ಟಿಟ್ಟಿದ್ದ ಹಿತ್ತಾಳೆ ಪಾತ್ರೆ, ಐದು ಲೀಟರಿನದು.

ಹಾಲು ತಳದಲ್ಲೇ ಗುಳುಗುಳು ಎನ್ನುತ್ತಿತ್ತು. ಕಾಲು ಗಂಟೆಯಾಯಿತು, ಅರ್ಧ ಗಂಟೆಯಾಯಿತು. ಉಕ್ಕುವುದಿರಲಿ, ಇದ್ದದ್ದೂ ಬತ್ತುತ್ತಾ ಬಂತು. ಅಷ್ಟರಲ್ಲಿ ಕೆಳಗಿನ ಮನೆಯ ಅಜ್ಜಿ ಹೊಸಬರು ಯಾರೆಂದು ನೋಡಲು ಮೇಲೆ ಹತ್ತಿ ಬಂದರು. ಉಯ್ಯಂಬಳ್ಳಿ ಕಡೆಯವರು, ಈಗ ಮಗ ಸೊಸೆಯ ಜೊತೆ ಇರುವವರು. ಪಾತ್ರೆಗೆ ಬಗ್ಗಿ ನೋಡಿದರು, ನನ್ನನ್ನೂ ನೋಡಿದರು.

'ಏನಪ್ಪಾ, ಒಬ್ನೇ ಬಂದ್ಬುಟ್ಟಿದ್ದೀಯಾ?'

'ಹೂಂ ಅಜ್ಜಿ.'

'ಈ ಕೊಳದಪ್ಲೇಲಿ ಇಷ್ಟು ಹಾಲು ಉಕ್ಬೇಕು ಅಂದ್ರೆ ನೀನು ಮುಂದ್ಲೊರ್ಸ ಇದೇ ದಿನಕ್ಕೆ ಬರ್ಬೇಕು ಕಣಪ್ಪ. ಒಸಿ ತಡಿ, ಒಲೆ ಆರಿಸ್ಬ್ಯಾಡ.'

ಕೆಳಗಿಳಿದು ಹೋದರು. ಮೆಟ್ಟಿಲಿನ ಮೇಲೆ ನಿಂತು ಅದೇನು ಕೂಗಿದರೋ, ಐದು ನಿಮಿಷದಲ್ಲಿ ಮೂರು ಮಹಡಿಯ ಹೆಂಗಸರೂ ಒಂದೊಂದು ಚೊಂಬು ಹಾಲು ಹಿಡಿದು ಬಂದರು. ಯಾರೂ ನನ್ನ ಹೆಸರು ಕೇಳಲಿಲ್ಲ, ಸುರಿದರು. ಹಾಲು ಏರಿತು, ಉಕ್ಕಿತು, ಒಲೆ ಆರಿತು. ಎಲ್ಲರೂ ಕೈಮುಗಿದು, ಒಲೆಯ ಮೇಲೆ ಹಾಲು ಚೆಲ್ಲಿದ ತೃಪ್ತಿಯಲ್ಲಿ ಅವರವರ ಮನೆಗೆ ಹೋದರು. ನಾಲ್ಕೂವರೆ ಲೀಟರು ಹಾಲಿನ ಎದುರು ನಾನೊಬ್ಬನೇ ಉಳಿದೆ. ಆ ವಾರ ಪೂರ್ತಿ ಪಾಯಸ, ಖೀರು, ಮಜ್ಜಿಗೆಹುಳಿ. ಕಾರ್ಖಾನೆಯ ಡಾಕ್ಟರು ನನ್ನ ಸಕ್ಕರೆ ಪರೀಕ್ಷೆಯ ಚೀಟಿ ನೋಡಿ, 'ಮನೇಲೇನಾದ್ರೂ ಮದುವೆ ನಡೀತಾ?' ಎಂದರು.

೩. ಎಮ್ಮೆಯ ಕತೆ

ಬೆಳಗಿನ ರೈಲಿನಲ್ಲಿ ನನಗೊಂದು ದುಃಖವಿದೆ. ಮಿಕ್ಕವರೆಲ್ಲ ಬೆಂಗಳೂರಿಗೆ ಹೋಗುವವರು, ಗಂಟೆಗಟ್ಟಲೆ ಹರಟುತ್ತಾರೆ. ನಾನು ಎರಡನೇ ಸ್ಟೇಷನ್‌ನಲ್ಲೇ ಇಳಿಯಬೇಕು. ಮಾತು ಕಾವೇರುವ ಹೊತ್ತಿಗೆ ಬಿಡದಿ ಬಂದಿರುತ್ತದೆ.

ನಮ್ಮ ಬೋಗಿಯಲ್ಲಿ ಚನ್ನಪಟ್ಟಣದಿಂದ ಬರುವ ಬೊಂಬೆ ವ್ಯಾಪಾರಿ ಒಬ್ಬರಿದ್ದಾರೆ. ಅವರ ಭಾಮೈದ ಎಮ್ಮೆ ತಂದ ಕತೆಯನ್ನು ಮೂರು ದಿನದಿಂದ ಹೇಳುತ್ತಿದ್ದರು. ಮೊದಲ ದಿನ ಎಮ್ಮೆ ಸಂತೆಯಲ್ಲಿತ್ತು. ಎರಡನೇ ದಿನ ಟೆಂಪೋ ಹತ್ತಿತು. ಮೂರನೇ ದಿನ ಟೆಂಪೋ ಹೆದ್ದಾರಿಯಲ್ಲಿ ಕೆಟ್ಟು, ಎಮ್ಮೆ ಇಳಿದು ಯಾರದೋ ಕಲ್ಯಾಣಮಂಟಪದ ಒಳಕ್ಕೆ ಹೊರಟಿತು. ಸರಿಯಾಗಿ ಆಗಲೇ ಬಿಡದಿ.

ನಾನು ಇಳಿಯಲಿಲ್ಲ. ಮನೆಗೆ ಹೋದರೆ ಮಾತಿಲ್ಲ, ಸ್ಟೋರಿನಲ್ಲಿ ಬರೀ ನಟ್ಟು ಬೋಲ್ಟು. ಒಂದು ಕತೆಯನ್ನಾದರೂ ಪೂರ್ತಿ ಕೇಳೋಣ ಎಂದು ಜೀವನದಲ್ಲಿ ಮೊದಲ ಬಾರಿ ಡ್ಯೂಟಿ ಮರೆತು ಕೂತೆ. ಹೆಜ್ಜಾಲ ದಾಟಿತು, ಕೆಂಗೇರಿ ಹತ್ತಿರವಾಯಿತು.

'ಆಮೇಲೇನಾಯ್ತು?' ಎಂದೆ.

'ಆಮೇಲೇನು, ಒಳಗೆ ಹೋದೋನ್ನ ಯಾರೋ ಹಿಡ್ಕೊಂಡು ಊಟಕ್ಕೆ ಕೂರ್ಸುಬುಟ್ರು ಸಾರ್.'

'ಎಮ್ಮೆನಾ?'

'ಭಾಮೈದನ್ನ. ಎಮ್ಮೆ ಏನಾಯ್ತೋ, ನಾನೂ ಕೇಳ್ಲಿಲ್ಲ, ಅವ್ನೂ ಹೇಳ್ಲಿಲ್ಲ.'

೪. ಸದ್ದು ಮಾಡುವ ನೆಂಟರು

ಮಳೆಗಾಲದ ಗಾಳಿಗೆ ಮರಳವಾಡಿಯಲ್ಲಿ ಅಜ್ಜಿಯ ಅಳಿಯನ ಹುಳುಮನೆಯ ಶೀಟು ಹಾರಿಹೋಯಿತು. ರೇಷ್ಮೆಹುಳು ನಾಲ್ಕನೇ ಜ್ವರ ಎದ್ದಿವೆ, ಅಂದರೆ ಕೊನೆಯ ಸಲ ಪೊರೆ ಬಿಟ್ಟಿವೆ; ಹಣ್ಣಾಗಿ ಗೂಡು ಕಟ್ಟಲು ಇನ್ನೊಂದು ವಾರ. ಅಜ್ಜಿ ಸುತ್ತಿ ಬಳಸದೆ ಕೇಳಿದರು: 'ನಿಂಗೆ ಮೂರು ರೂಮ್ ಯಾಕಪ್ಪಾ? ಒಂದ್ರಲ್ಲಿ ನೀನು ಮಲಗ್ತೀಯ. ಇನ್ನೊಂದ್ರಲ್ಲಿ ನಮ್ಮ ಹುಳ ಇರ್ಲಿ.'

ಒಪ್ಪಿದೆ. ಹುಳುಗಳೊಂದಿಗೆ ಅವುಗಳ ಕಾನೂನೂ ಬಂತು. ಸೊಳ್ಳೆಬತ್ತಿ ಹಚ್ಚುವಂತಿಲ್ಲ, ಊದುಬತ್ತಿ ಬೇಡ, ಹೊಗೆ ಬರುವ ಒಗ್ಗರಣೆ ಬೇಡವೇ ಬೇಡ. ನಾನು ಒಂದು ವಾರ ಮೊಸರನ್ನ ತಿಂದೆ, ಅವು ಮಾತ್ರ ಹೊತ್ತುಹೊತ್ತಿಗೆ ತಾಜಾ ಸೊಪ್ಪು ತಿಂದವು. ಆದರೆ ಸಂಜೆ ಕೆಲಸದಿಂದ ಬಂದು ಬೀಗ ತೆಗೆದರೆ, ಒಳಗೆ ಸಾವಿರಾರು ಬಾಯಿ ಸೊಪ್ಪು ಮೇಯುವ ಸದ್ದು ಸಣ್ಣ ಮಳೆಯ ಹಾಗೆ ಕೇಳುತ್ತಿತ್ತು. ಮನೆಯಲ್ಲಿ ಯಾರೋ ಇದ್ದಾರೆ ಅನ್ನಿಸುತ್ತಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಅವುಗಳಿಗೆ 'ಊಟ ಆಯ್ತಾ?' ಎಂದು ಕೇಳುತ್ತಿದ್ದೆ.

ಆ ವಾರವೇ ಓನರು ಬರಬೇಕೆ! 'ಫ್ಯಾಮಿಲಿ ಬಂದ್ರಾ ನೋಡೋಣ ಅಂತ ಬಂದೆ' ಎಂದು ಬಾಗಿಲಲ್ಲೇ ನಿಂತರು. ಮೂಗು ಅರಳಿತು. ನೂಲು ತೆಗೆಯುವವರಿಗೆ ಆ ವಾಸನೆ ಹೇಳಿಕೊಡಬೇಕೆ? ಫ್ಲ್ಯಾಟಿನಲ್ಲಿ ಹುಳು ಸಾಕಿದ್ದಕ್ಕೆ ಇವತ್ತೇ ಗಂಟುಮೂಟೆ ಕಟ್ಟಿಸುತ್ತಾರೆ ಎಂದುಕೊಂಡೆ. ಅವರು ಚಪ್ಪಲಿ ಬಿಟ್ಟು, ಕೈಕಾಲು ತೊಳೆದುಕೊಂಡು, ಮಸೀದಿಗೆ ಹೋದಷ್ಟು ಮೆಲ್ಲಗೆ ರೂಮಿನೊಳಗೆ ಹೋದರು. ಅರ್ಧ ಗಂಟೆ ಹುಳು ಹರಡಿದ್ದ ತಟ್ಟೆಗಳನ್ನು ಒಂದೊಂದಾಗಿ ನೋಡಿದರು.

'ಒಳ್ಳೆ ಹುಳ ಸಾರ್. ಗೂಡು ಮಾರ್ಕೆಟ್ಟಿಗೆ ಯಾವತ್ತು ಬರುತ್ತೆ, ಫೋನ್ ಮಾಡಿ' ಎಂದು ಹೊರಟರು. ಮೆಟ್ಟಿಲಿಳಿಯುತ್ತಾ ತಿರುಗಿ ಎಚ್ಚರಿಸಿದರು: 'ಫ್ಯಾಮಿಲಿ ಇದ್ರೂ ಈಗ್ಲೇ ಕರ್ಕೊಂಡು ಬರಬೇಡಿ. ಹುಳಕ್ಕೆ ಗಲಾಟೆ ಆಗಲ್ಲ.'

೫. ಇಪ್ಪತ್ತೆಂಟು ಜೊತೆ

ಹುಳು ಹೋದವು, ರೂಮು ಮತ್ತೆ ಖಾಲಿಯಾಯಿತು. ದಸರೆ ಹತ್ತಿರ ಬಂತು. ದಿನವೂ ಬೆಳಿಗ್ಗೆ ಕ್ಯಾಲೆಂಡರ್ ನೋಡಿ, ಓನರಿಗೆ ಏನು ಹೇಳಲಿ ಎಂದು ಯೋಚಿಸುತ್ತಿದ್ದೆ. ಮನೆ ಬಿಡುವುದು ದೊಡ್ಡದಲ್ಲ. ಇಷ್ಟು ದಿನಕ್ಕೆ ಈ ಮೆಟ್ಟಿಲುಗಳ ಜನ ಅಭ್ಯಾಸವಾಗಿದ್ದರು. ಮತ್ತೆ ಯಾವುದೋ ಊರಿನಲ್ಲಿ ಮುಖ ಗೊತ್ತಿಲ್ಲದವರ ನಡುವೆ ಅಡುಗೆ ಮಾಡಿಕೊಳ್ಳುವುದನ್ನು ನೆನೆಯುವುದೂ ಬೇಡವೆನ್ನಿಸುತ್ತಿತ್ತು.

ಅಜ್ಜಿ ಬಂದರು. ಮೊಮ್ಮಗಳನ್ನು ನೋಡಲು ಮಾಗಡಿ ಕಡೆಯಿಂದ ಗಂಡಿನವರು ಬರುತ್ತಾರೆ, ತಮ್ಮ ಮನೆ ಸಾಲದು ಎಂದರು. 'ನಿನ್ನ ನಡುಮನೆ ಒಂದೊತ್ತಿಗೆ ಕೊಡಪ್ಪ.' ಕೊಟ್ಟೆ. ಭಾನುವಾರ ಹತ್ತು ಗಂಟೆಗೆ ಎರಡು ವ್ಯಾನು ಜನ ಇಳಿದರು. ಮೂರೂ ಬೆಡ್‌ರೂಮು ತುಂಬಿತು. ಒಂದರಲ್ಲಿ ಹುಡುಗಿಗೆ ಸೀರೆ ಉಡಿಸಿದರು, ಒಂದರಲ್ಲಿ ಮಕ್ಕಳು ಕುಣಿದರು, ಒಂದರಲ್ಲಿ ಯಾರದೋ ತಾತ ಮಲಗಿ ಗೊರಕೆ ಹೊಡೆದರು. ನನ್ನನ್ನು ಚಾಪೆಯ ನಡುವೆ ಹೆಣ್ಣಿನ ಕಡೆಯ ಹಿರಿಯನಂತೆ ಕೂರಿಸಿದರು.

ಹುಡುಗನ ಸೋದರಮಾವ ಉಪ್ಪಿಟ್ಟು ತಿನ್ನುತ್ತಾ ಸುತ್ತ ನೋಡಿದ. 'ಮನೆ ಭಾಳ ಚೆಂದಾಗೈತೆ. ನಿಮ್ ಮನೆಯೋರು ಎಲ್ಲೂ ಕಾಣಕಿಲ್ವಲ್ಲ?'

'ಬರ್ತಾಳೆ' ಅನ್ನಲು ಬಾಯಿ ತೆರೆದೆ. ಅಷ್ಟು ಜನರೆದುರು ಆಗಲಿಲ್ಲ. 'ಇಲ್ಲ. ತೀರಿಕೊಂಡು ಎರಡು ವರ್ಷ ಆಯ್ತು. ನಾನೊಬ್ಬನೇ ಇರೋದು' ಎಂದೆ. ಆ ಮಾತನ್ನು ಆ ಮನೆಯಲ್ಲಿ ಆಡಿದ್ದು ಅದೇ ಮೊದಲು. ಸೋದರಮಾವ ಚಮಚ ಕೆಳಗಿಟ್ಟ.

ಅಜ್ಜಿ ಒಳಗಿನಿಂದಲೇ ಕೂಗಿದರು: 'ಯಾರು ಒಬ್ನೇ? ನಾವೆಲ್ಲಾ ಅವ್ನ ಕಡೆಯೋರೇಯ. ಲೇ, ಅವ್ನ ತಟ್ಟೆಗೆ ಕೇಸರಿಬಾತ್ ಹಾಕ್ರಲಾ!'

ತಲೆಯೆತ್ತಿದರೆ ಬಾಗಿಲಲ್ಲಿ ಓನರು. ಅವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ನೆಟ್ಟಗೆ ಅಡುಗೆಮನೆಗೆ ನಡೆದರು. ನಾನೂ ಹಿಂದೆ ಹೋದೆ.

'ತಪ್ಪಾಯ್ತು ಸಾಹೇಬ್ರೆ. ನನಗೆ ಯಾರೂ ಇಲ್ಲ ಅನ್ನೋದನ್ನ ಮುಚ್ಚಿಟ್ಟೆ. ತಿಂಗಳ ಕೊನೆಗೆ ಮನೆ ಬಿಟ್ಟುಬಿಡ್ತೀನಿ' ಎಂದೆ.

ಅವರು ಸಿಂಕಿನ ಬಳಿ ಹೋಗಿ ಒಂದು ಲೋಟ ಎತ್ತಿಕೊಂಡರು. ಆಮೇಲೆ ನಲ್ಲಿ ತಿರುಗಿಸಿದರು. ನಲ್ಲಿ ಕೊರ್ ಎಂದಿತು, ಒಂದು ಹನಿಯೂ ಬೀಳಲಿಲ್ಲ.

'ಯಾರೂ ಇಲ್ಲ ಅಂತೀರಾ?' ಎಂದು ನನ್ನ ಕಡೆ ತಿರುಗಿ ರೇಗಿದರು. 'ಬಾಗಿಲಲ್ಲಿ ಎಣಿಸ್ಕೊಂಡು ಬಂದಿದ್ದೀನಿ, ಇಪ್ಪತ್ತೆಂಟು ಜೊತೆ ಚಪ್ಪಲಿ! ಫ್ಯಾಮಿಲಿ ಬರ್ಲಿ ಅಂದೆ, ಇಷ್ಟೊಂದು ಬರ್ಲಿ ಅಂದಿದ್ನಾ? ಟ್ಯಾಂಕ್ ಪೂರ್ತಿ ಮುಗಿಸಿದ್ದೀರಲ್ಲ ಸಾರ್! ಇರೋದೇನೋ ಇರಿ, ನಿಮ್ಮೋರಿಗೆ ಒಸಿ ನೀರು ನೋಡಿ ಬಳಸೋಕೆ ಹೇಳಿ.'